ಕೋಶದ ಅನ್ನ, ಕೋಶದ ಮರಣ: ಡಾ. ಯಲ್ಲಾಪ್ರಗಡ ಸುಬ್ಬರಾವ್ ಅವರ ಜೀವನ

ಔಷಧದಂಗಡಿಯಲ್ಲಿ ದೊರೆಯುವ ಎರಡು ಸಣ್ಣ ಮಾತ್ರೆಗಳಿವೆ. ಎರಡೂ ಹಳದಿ ಬಣ್ಣದವಾಗಿರುವುದುಂಟು. ಒಂದು ಫೋಲಿಕ್ ಆಮ್ಲ. ರಕ್ತಹೀನತೆಯುಳ್ಳವರಿಗೂ ಬಸುರಿಯರಿಗೂ ವೈದ್ಯರು ಕೊಡುವಂಥದು. ಇನ್ನೊಂದು ಮೆಥೊಟ್ರೆಕ್ಸೇಟ್; ಮಕ್ಕಳ ರಕ್ತದ ಕ್ಯಾನ್ಸರಿಗೂ ದೊಡ್ಡವರ ಸಂಧಿವಾತಕ್ಕೂ ಬಳಸುವಂಥದು. ಮೊದಲನೆಯದು ಜೀವಕೋಶಕ್ಕೆ ಅನ್ನವಿದ್ದಂತೆ. ಎರಡನೆಯದು ಅದೇ ಅನ್ನದ ವೇಷ ತೊಟ್ಟು ಕೋಶದೊಳಗೆ ಹೊಕ್ಕು, ಅದನ್ನು ಮರಣದ ದಾರಿಗೆ ಹಚ್ಚುವ ಮದ್ದು. ಇವೆರಡನ್ನೂ ಜಗತ್ತಿಗೆ ಕೊಟ್ಟ ಸಂಶೋಧಕರ ತಂಡಕ್ಕೆ ಮುಂದಾಳಾಗಿದ್ದವರು ಒಬ್ಬರೇ. ಅವರೇ ಆಂಧ್ರದ ಡಾ. ಯಲ್ಲಾಪ್ರಗಡ ಸುಬ್ಬರಾವ್.

ಅವರ ಜೀವನವನ್ನು ಇಂದು ನೆನೆಯುವುದಕ್ಕೆ ಒಂದು ಕಾರಣವಿದೆ. ಸಾಂಗ್ಲಿಯ ಹತ್ತಿರ, ಮೀರಜ್ ತಾಲೂಕಿನಲ್ಲಿ ಸಮಡೋಳಿ ಎಂಬ ಗ್ರಾಮವಿದೆ. ಬೆಳಗಾವಿ ಸೀಮೆಯ ಭೋಜ ಗ್ರಾಮದ ಮನೆತನದಲ್ಲಿ ಹುಟ್ಟಿದ ಶಾಂತಿಸಾಗರ ಮುನಿಗಳಿಗೆ 1924ರಲ್ಲಿ ಆಚಾರ್ಯ ಪದವಿ ದೊರೆತದ್ದು ಅಲ್ಲಿ. ಆದುದರಿಂದ ನಮ್ಮ ಜೈನ ವಾಚಕರಿಗೆ ಆ ಊರಿನ ಹೆಸರು ಹೊಸದಲ್ಲ. ಆ ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ ಎಂಬ ಕುಟುಂಬಗಳು ಇಂದಿಗೂ ಇವೆ. ಕಾಯಿಲೆ ಬಿದ್ದರೆ ಅವರು ಹೋಗುವುದು ಮೀರಜಿಗೆ. 1894ರಲ್ಲಿ ಡಾ. ವಿಲಿಯಂ ವಾನ್‌ಲೆಸ್ ಅಲ್ಲಿ ಆಸ್ಪತ್ರೆ ತೆರೆದಂದಿನಿಂದ ಅದು ವೈದ್ಯರ ಊರೇ ಆಗಿದೆ. ಅಥಣಿ, ಚಿಕ್ಕೋಡಿ, ಜಮಖಂಡಿಗಳ ಜನರೂ ಅಲ್ಲಿಗೆ ಹೋಗುತ್ತಾರೆ. ನಾವು ಮಂಗಳೂರಿಗೋ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ಹೋಗುವಂತೆ ಇದು. ಅವರ ಚೀಟಿಯಲ್ಲಿ ಮರಾಠಿ, ನಮ್ಮ ಚೀಟಿಯಲ್ಲಿ ಮಲೆಯಾಳ. ಇಬ್ಬರ ಚೀಟಿಯಲ್ಲಿಯೂ ಸುಬ್ಬರಾಯರ ಮದ್ದು ಇರುವುದುಂಟು. ಆ ಮದ್ದನ್ನು ತಿಳಿದು ಸೇವಿಸುವುದು ಪ್ರಾಣದ ಪ್ರಶ್ನೆ. ಹೇಗೆಂಬುದನ್ನು ಮುಂದೆ ಹೇಳುತ್ತೇವೆ.

ಬಾಲ್ಯ, ವಿದ್ಯಾಭ್ಯಾಸ

ಸುಬ್ಬರಾಯರು ಹುಟ್ಟಿದ್ದು 1895ರ ಜನವರಿ 12ರಂದು, ಗೋದಾವರಿ ಸೀಮೆಯ ಭೀಮವರಂನಲ್ಲಿ. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಆ ಊರು ಆಗ ಮದ್ರಾಸ್ ಪ್ರಾಂತದಲ್ಲಿತ್ತು. ನಮ್ಮ ಕಾಸರಗೋಡು ಸೇರಿದಂತೆ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯೂ ಅದೇ ಪ್ರಾಂತದ್ದು. ಹಾಗೆ ನೋಡಿದರೆ ಅವರು ನಮ್ಮ ಹಿರಿಯರ ಜತೆಗೆ ಒಂದೇ ಆಡಳಿತದಲ್ಲಿ ಬೆಳೆದವರು.

ಮನೆಯಲ್ಲಿ ಬಡತನ. ಹುಡುಗನಿಗೆ ಓದಿನಲ್ಲಿ ಆಸಕ್ತಿಯಿರಲಿಲ್ಲ. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಮಾಡಬೇಕೆಂದು 13ರ ಪ್ರಾಯದಲ್ಲಿ ಮನೆ ಬಿಟ್ಟು ಓಡಿದ್ದರಂತೆ. ಹಿಡಿದು ತಂದು ಮತ್ತೆ ಶಾಲೆಗೆ ಸೇರಿಸಲಾಯಿತು. ಮೆಟ್ರಿಕ್ ತೇರ್ಗಡೆಯಾದುದು ಮೂರನೆಯ ಪ್ರಯತ್ನದಲ್ಲಿ, ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ. ಮೂರು ಸಲ ಪರೀಕ್ಷೆಗೆ ಕುಳಿತ ಈ ಹುಡುಗ ಮುಂದೆ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದನೆಂಬುದನ್ನು ನಮ್ಮ ವಿದ್ಯಾರ್ಥಿಗಳೂ ಅವರ ತಂದೆತಾಯಂದಿರೂ ಗಮನಿಸಬೇಕು.

ಕಾಲೇಜಿನ ದಿನಗಳಲ್ಲಿ ಅವರ ಮನಸ್ಸು ರಾಮಕೃಷ್ಣ ಮಠದ ಕಡೆಗೆ ಒಲಿಯಿತು. ಸಂನ್ಯಾಸಿಯಾಗಲು ತಾಯಿ ಒಪ್ಪಲಿಲ್ಲ. ಜನಸೇವೆ ಮಾಡುವುದಾದರೆ ವೈದ್ಯನಾಗಿ ಮಾಡಬಹುದೆಂಬ ವಿಚಾರದಿಂದ ಮದ್ರಾಸ್ ಮೆಡಿಕಲ್ ಕಾಲೇಜಿಗೆ ಸೇರಿದರು. ಸ್ನೇಹಿತರ ನೆರವೂ ಮಾವ ಕಸ್ತೂರಿ ಸೂರ್ಯನಾರಾಯಣ ಮೂರ್ತಿಗಳ ನೆರವೂ ಇದ್ದುದರಿಂದ ಓದು ಸಾಗಿತು. 1919ರಲ್ಲಿ ಮೂರ್ತಿಗಳ ಮಗಳು ಶೇಷಗಿರಿಯವರೊಂದಿಗೆ ಮದುವೆಯಾಯಿತು.

ಅದು ಗಾಂಧೀಜಿಯವರ ಕರೆಗೆ ದೇಶವೇ ಓಗೊಟ್ಟ ಕಾಲ. ಸುಬ್ಬರಾಯರು ಶಸ್ತ್ರಚಿಕಿತ್ಸೆಯ ಕೋಣೆಗೂ ಖಾದಿಯ ನಿಲುವಂಗಿ ತೊಟ್ಟು ಹೋದರು. ಆಂಗ್ಲ ಪ್ರಾಧ್ಯಾಪಕರಿಗೆ ಇದು ಸರಿಬೀಳಲಿಲ್ಲ. ಉಳಿದ ವಿಷಯಗಳಲ್ಲಿ ಚೆನ್ನಾಗಿಯೇ ಮಾಡಿದ್ದರೂ ಪೂರ್ಣ ಎಂ.ಬಿ.ಬಿ.ಎಸ್. ಪದವಿ ಕೈತಪ್ಪಿ, ಕೆಳದರ್ಜೆಯ ಎಲ್.ಎಂ.ಎಸ್. ಮಾತ್ರ ಸಿಕ್ಕಿತು. ಸರಕಾರಿ ಉದ್ಯೋಗದ ಬಾಗಿಲು ಮುಚ್ಚಿತು. ಮದ್ರಾಸಿನ ಡಾ. ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕರಾದರು.

ಆ ವರ್ಷಗಳಲ್ಲಿ ಮನೆಗೆ ದೊಡ್ಡ ಆಘಾತ ಬಡಿಯಿತು. ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಸಹೋದರರು ಸ್ಪ್ರೂ ಎಂಬ ರೋಗಕ್ಕೆ ಬಲಿಯಾದರು. ಉಷ್ಣ ದೇಶಗಳಲ್ಲಿ ಕಾಣುವ ಈ ರೋಗದಲ್ಲಿ ಕರುಳು ಆಹಾರದ ಸಾರವನ್ನು ಹೀರಿಕೊಳ್ಳುವುದಿಲ್ಲ. ಭೇದಿಯಾಗಿ, ರಕ್ತ ಬತ್ತಿ ಮನುಷ್ಯ ಸೊರಗುತ್ತಾನೆ. ಸುಬ್ಬರಾಯರಿಗೂ ಅದು ತಗಲಿತು. ಲಕ್ಷ್ಮೀಪತಿಯವರ ಚಿಕಿತ್ಸೆಯಿಂದ ಅವರು ಬದುಕಿಕೊಂಡರು. ಈ ರೋಗಕ್ಕೆ ಮದ್ದು ಹುಡುಕುವ ಹಟ ಅಲ್ಲಿಂದ ಅವರನ್ನು ಬಿಡಲಿಲ್ಲ.

ಹಾರ್ವರ್ಡಿನ ದಿನಗಳು

1920ರ ದಶಕದ ಆರಂಭದಲ್ಲಿ, ಕಾಕಿನಾಡದ ಒಂದು ಧರ್ಮನಿಧಿಯ ಸಹಾಯದಿಂದಲೂ ಮಾವನವರ ಸಹಾಯದಿಂದಲೂ ಸುಬ್ಬರಾಯರು ಅಮೆರಿಕದ ಬೋಸ್ಟನ್ ನಗರ ಸೇರಿದರು. ತುಂಬು ಪ್ರಾಯದ ಹೆಂಡತಿಯನ್ನು ಊರಲ್ಲಿ ಬಿಟ್ಟು ಹೋದವರು ಮತ್ತೆ ಮರಳಿ ಬರಲೇ ಇಲ್ಲ. ಅವರು ಹೋದ ಮೇಲೆ ಹುಟ್ಟಿದ ಗಂಡುಮಗು ಎಳವೆಯಲ್ಲೇ ತೀರಿಕೊಂಡಿತು. ತಂದೆ ಮಗನ ಮುಖ ಕಾಣಲಿಲ್ಲ.

ಹಾರ್ವರ್ಡಿನಲ್ಲಿ ಹಗಲು ಉಷ್ಣವಲಯದ ರೋಗಗಳ ವ್ಯಾಸಂಗ, ರಾತ್ರಿ ಹೊಟ್ಟೆಪಾಡಿಗಾಗಿ ಆಸ್ಪತ್ರೆಯೊಂದರಲ್ಲಿ ಶೌಚಪಾತ್ರೆ ತೊಳೆಯುವಂಥ ಆಳಿನ ಕೆಲಸ. ಡಿಪ್ಲೊಮಾ ಮುಗಿಸಿ ಜೀವರಸಾಯನ ವಿಭಾಗ ಸೇರಿ ಸೈರಸ್ ಫಿಸ್ಕ್ ಅವರೊಡನೆ ದುಡಿದರು. ರಕ್ತದಲ್ಲಿಯೂ ಮೂತ್ರದಲ್ಲಿಯೂ ಇರುವ ರಂಜಕದ ಅಂಶವನ್ನು ಅಳೆಯಲು ಇಬ್ಬರೂ ಸೇರಿ ರೂಪಿಸಿದ ಕ್ರಮ 1925ರಲ್ಲಿ ಪ್ರಕಟವಾಯಿತು. ಫಿಸ್ಕ್-ಸುಬ್ಬರಾವ್ ವಿಧಾನವೆಂದು ಅದು ಇಂದಿಗೂ ಪ್ರಸಿದ್ಧ. 1927ರಲ್ಲಿ ಸ್ನಾಯುಗಳಲ್ಲಿರುವ ಫಾಸ್ಫೊಕ್ರಿಯಾಟಿನ್, 1929ರಲ್ಲಿ ಎ.ಟಿ.ಪಿ. ಎಂದು ಕರೆಯಲಾಗುವ ಅಡೆನೊಸಿನ್ ಟ್ರೈಫಾಸ್ಫೇಟ್ ಅವರ ಕೈಗೆ ಸಿಕ್ಕಿದವು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಹ್‌ಮನ್ ಕೂಡಾ ಎ.ಟಿ.ಪಿ.ಯನ್ನು ಬೇರೆಯಾಗಿ ಕಂಡುಹಿಡಿದಿದ್ದರು. ಗದ್ದೆ ಉಳುವ ಎತ್ತಿನ ತೋಳಿಗಾಗಲಿ, ಈ ಸಾಲನ್ನು ಓದುವ ಕಣ್ಣಿಗಾಗಲಿ ಬೇಕಾದ ಶಕ್ತಿ ಒದಗುವುದು ಈ ಎ.ಟಿ.ಪಿ.ಯಿಂದ. ಅದು ಜೀವಕೋಶದ ಕೈಗಾಸು ಇದ್ದಂತೆ.

1930ರಲ್ಲಿ ಪಿಎಚ್.ಡಿ. ಬಂತು. ಆದರೆ ಹಾರ್ವರ್ಡ್ ಅವರಿಗೆ ಸ್ಥಿರವಾದ ಹುದ್ದೆ ಕೊಡಲಿಲ್ಲ. ತಮ್ಮ ಹೆಸರನ್ನು ಮುಂದೆ ಮಾಡಿಕೊಳ್ಳುವ ಸ್ವಭಾವ ಅವರದ್ದಾಗಿರಲಿಲ್ಲ. ಅಂದಿನ ಅಮೆರಿಕದಲ್ಲಿ ಭಾರತೀಯನಿಗೆ ಪೌರತ್ವ ಪಡೆಯುವ ಹಕ್ಕೂ ಇರಲಿಲ್ಲ. 1940ರಲ್ಲಿ ಅವರು ನ್ಯೂಯಾರ್ಕ್ ಸಂಸ್ಥಾನದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲೆ ಔಷಧ ಕಂಪೆನಿಯ ಪ್ರಯೋಗಾಲಯಕ್ಕೆ ಹೋದರು. 1942ರಲ್ಲಿ ಅಲ್ಲಿಯ ಸಂಶೋಧನಾ ವಿಭಾಗದ ನಿರ್ದೇಶಕರಾದರು.

ಸೊಪ್ಪಿನ ಸಾರ

ಸಹೋದರರನ್ನು ಕೊಂದ ರೋಗದ ಎಳೆಯನ್ನು ಈಗ ಅವರು ಕೈಗೆತ್ತಿಕೊಂಡರು. ಈ ಎಳೆಯ ಒಂದು ತುದಿ ನಮ್ಮ ದೇಶದಲ್ಲಿಯೇ ಇತ್ತು. ಮುಂಬಯಿಯ ಗಿರಣಿಗಳಲ್ಲಿ ದುಡಿಯುವ ಬಸುರಿ ಹೆಂಗಸರು ರಕ್ತಹೀನರಾಗಿ ಸಾಯುತ್ತಿದ್ದುದನ್ನು ಕಂಡ ಆಂಗ್ಲ ವೈದ್ಯೆ ಲೂಸಿ ವಿಲ್ಸ್, ಅಗ್ಗದ ಯೀಸ್ಟ್ ಸಾರ ತಿನ್ನಿಸಿದರೆ ಅವರು ಚೇತರಿಸುತ್ತಾರೆಂದು 1931ರಲ್ಲಿ ಪ್ರಕಟಿಸಿದ್ದರು. ಯೀಸ್ಟಿನಲ್ಲಿ, ಪಿತ್ತಜನಕಾಂಗದಲ್ಲಿ, ಹಸಿರು ಸೊಪ್ಪಿನಲ್ಲಿ ಯಾವುದೋ ಜೀವಸತ್ವವಿದೆಯೆಂದು ತಿಳಿಯಿತು. 1941ರಲ್ಲಿ ಬೇರೊಂದು ತಂಡದವರು ಪಾಲಕ್ ಸೊಪ್ಪಿನ ರಾಶಿಯಿಂದ ಅದನ್ನು ಹಿಂಡಿ ತೆಗೆದು, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಅದರ ರಚನೆಯನ್ನು ಬಿಡಿಸಿ, ಪ್ರಯೋಗಾಲಯದಲ್ಲಿ ಬೇಕಾದಷ್ಟು ತಯಾರಿಸುವ ದಾರಿಯನ್ನು 1945ರ ಹೊತ್ತಿಗೆ ಕಂಡವರು ಸುಬ್ಬರಾಯರ ತಂಡದವರು. ಸ್ಪ್ರೂ ರೋಗಿಗಳು ಅದರಿಂದ ಗುಣವಾಗತೊಡಗಿದರು. ಇಂದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಸುರಿಯರಿಗೆ ಕಬ್ಬಿಣದ ಜತೆಗೆ ಕೊಡುವ ಮಾತ್ರೆಯಲ್ಲಿರುವುದು ಇದೇ.

ಅವರ ನಿರ್ದೇಶನದಲ್ಲಿದ್ದ ಪ್ರಯೋಗಾಲಯದಿಂದ ಇನ್ನೂ ಎರಡು ಕೊಡುಗೆ ಬಂದವು. ಬೆಂಜಮಿನ್ ಡಗ್ಗರ್ ಎಂಬ ಸಸ್ಯವಿಜ್ಞಾನಿ ಮಣ್ಣಿನಿಂದ ಹೆಕ್ಕಿದ ಆರಿಯೊಮೈಸಿನ್, ಟೆಟ್ರಾಸೈಕ್ಲಿನ್ ಎಂಬ ಗುಂಪಿನ ಮೊದಲ ಔಷಧ. 1947ರ ಹೆಟ್ರಜಾನ್ ಆನೆಕಾಲು ರೋಗದ ಮದ್ದು. ಕೇರಳದ ಕರಾವಳಿ ಜಿಲ್ಲೆಗಳಲ್ಲಿ ಆರೋಗ್ಯ ಕಾರ್ಯಕರ್ತರು ಹಂಚುತ್ತಿದ್ದ ಡಿ.ಇ.ಸಿ. ಮಾತ್ರೆ ಅದೇ. ಸುಬ್ಬರಾಯರ ಹೆಸರು ಕೇಳದೆಯೇ ಅದನ್ನು ನುಂಗಿದವರು ನಮ್ಮಲ್ಲಿ ಅನೇಕರಿರಬಹುದು.

ವೇಷಧಾರಿ ಮದ್ದು

ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರಿದ್ದರು. ರಕ್ತದ ಕ್ಯಾನ್ಸರ್ ತಗಲಿದ ಮಕ್ಕಳು ವಾರಗಳಲ್ಲೋ ತಿಂಗಳುಗಳಲ್ಲೋ ತೀರಿಹೋಗುತ್ತಿದ್ದ ಕಾಲವದು. ಫೋಲಿಕ್ ಆಮ್ಲದ ಬಗೆಯ ವಸ್ತುಗಳನ್ನು ಅವರು ಕೊಟ್ಟು ನೋಡಿದರು. ಪರಿಣಾಮ ವಿಪರೀತವಾಯಿತು, ಕೆಟ್ಟ ಕೋಶಗಳು ಇನ್ನಷ್ಟು ಬೇಗ ಬೆಳೆದವು. ಅನ್ನ ಸಿಕ್ಕಿದರೆ ಈ ಕೋಶಗಳು ಬೆಳೆಯುತ್ತವೆ ಎಂದಾದರೆ, ಅನ್ನ ತಪ್ಪಿಸಿದರೆ ಸೊರಗಬೇಕು. ಫಾರ್ಬರ್ ಅವರಿಗೆ ಬೇಕಾದ ವಸ್ತು ಸುಬ್ಬರಾಯರ ಪ್ರಯೋಗಾಲಯದಲ್ಲಿ ಸಿದ್ಧವಾಯಿತು. ಫೋಲಿಕ್ ಆಮ್ಲದ ಅಣುವಿನಲ್ಲಿ ಒಂದು ಮೂಲೆಯನ್ನು ಮಾತ್ರ ಬದಲಿಸಿ ಮಾಡಿದ ಅಮಿನೊಪ್ಟೆರಿನ್ ಅದು.

ಅದರ ಕೆಲಸವನ್ನು ಹೀಗೆ ವಿವರಿಸಬಹುದು. ಬೀಗಕ್ಕೆ ಸರಿಯಾದ ಕೀಲಿಕೈ ಫೋಲಿಕ್ ಆಮ್ಲ. ಅಮಿನೊಪ್ಟೆರಿನ್ ಅದೇ ಆಕಾರದ ಹುಸಿ ಕೀಲಿಕೈ. ಒಳಗೆ ಹೋಗುತ್ತದೆ, ತಿರುಗುವುದಿಲ್ಲ, ಹೊರಗೂ ಬರುವುದಿಲ್ಲ. ಕೋಶ ಎರಡಾಗಬೇಕಾದರೆ ತನ್ನೊಳಗಿನ ಡಿ.ಎನ್.ಎ. ತಂತುವನ್ನು ನಕಲು ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ಸಾಮಗ್ರಿ ಫೋಲಿಕ್ ಆಮ್ಲವಿಲ್ಲದೆ ತಯಾರಾಗುವುದಿಲ್ಲ. ಅರ್ಧಕ್ಕೆ ನಿಂತ ನಕಲಿನ ತಂತು ತುಂಡಾಗತೊಡಗುತ್ತದೆ.

1947ರ ಕೊನೆಯಲ್ಲಿ ಆರಂಭವಾದ ಪ್ರಯೋಗದ ವರದಿ 1948ರ ಜೂನ್‌ನಲ್ಲಿ ಪ್ರಕಟವಾಯಿತು. 16 ಮಕ್ಕಳಲ್ಲಿ 10 ಮಂದಿ ಚೇತರಿಸಿದ್ದರು. ಹಾಸಿಗೆ ಹಿಡಿದಿದ್ದವರು ಎದ್ದು ಆಡಿದರು. ಆ ಚೇತರಿಕೆ ಬಹುಕಾಲ ನಿಲ್ಲಲಿಲ್ಲ, ರೋಗ ಮರುಕಳಿಸಿತು. ಆದರೂ ಔಷಧದಿಂದ ಈ ರೋಗವನ್ನು ಹಿಮ್ಮೆಟ್ಟಿಸಬಹುದೆಂದು ಮೊದಲ ಬಾರಿಗೆ ಕಂಡುಬಂತು. ಅಮಿನೊಪ್ಟೆರಿನ್‌ಗಿಂತ ಸೌಮ್ಯವಾದ ಅದರ ತಮ್ಮನೇ ಮೆಥೊಟ್ರೆಕ್ಸೇಟ್. 1956ರಲ್ಲಿ ಮಿನ್ ಚಿಯು ಲೀ, ರಾಯ್ ಹರ್ಟ್ಸ್ ಎಂಬ ವೈದ್ಯರು ಗರ್ಭದ ಮಾಸಿನಿಂದ ಹುಟ್ಟುವ ಒಂದು ಬಗೆಯ ಕ್ಯಾನ್ಸರನ್ನು ಈ ಮದ್ದಿನಿಂದ ಗುಣಪಡಿಸಿದ್ದನ್ನು ಪ್ರಕಟಿಸಿದರು. ಇತರ ಔಷಧಗಳ ಜತೆಗೆ ಇದನ್ನು ಸೇರಿಸಿ ಕೊಡುವ ಕ್ರಮ ಬಂದ ಮೇಲೆ ಮಕ್ಕಳ ರಕ್ತದ ಕ್ಯಾನ್ಸರ್ ಗುಣವಾಗುವ ರೋಗವಾಯಿತು. ಮುಂದುವರಿದ ದೇಶಗಳಲ್ಲಿ ಇಂದು ಹತ್ತು ಮಕ್ಕಳಲ್ಲಿ ಒಂಬತ್ತರ ಸಮೀಪ ಬದುಕುತ್ತಾರೆ.

ಇದಾವುದನ್ನೂ ಸುಬ್ಬರಾಯರು ಕಾಣಲಿಲ್ಲ. ವರದಿ ಪ್ರಕಟವಾಗಿ ಎರಡು ತಿಂಗಳು ಕಳೆಯುತ್ತಲೇ, 1948ರ ಆಗಸ್ಟ್‌ನಲ್ಲಿ, ಅವರು ನಿದ್ರೆಯಲ್ಲಿಯೇ ಹೃದಯಾಘಾತದಿಂದ ಗತಿಸಿದರು. ಪ್ರಾಯ 53. ಪೌರತ್ವದ ಬಾಗಿಲು 1946ರಲ್ಲಿ ಭಾರತೀಯರಿಗೆ ತೆರೆದಿದ್ದರೂ ಅವರು ಕೊನೆಯವರೆಗೆ ಅಮೆರಿಕದ ಪ್ರಜೆಯಾಗಿರಲಿಲ್ಲ.

ಎಲೆ ಉದುರಿದಂತೆ

ಮದ್ದು ಕೋಶವನ್ನು ಕೊಲ್ಲುತ್ತದೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನಿಜವಾಗಿ ಆಗುವುದೇನೆಂಬುದು ಸುಬ್ಬರಾಯರು ಸತ್ತು ಕಾಲು ಶತಮಾನವಾಗುವ ಹೊತ್ತಿಗೆ ತಿಳಿಯತೊಡಗಿತು. ಪ್ರತಿ ಕೋಶದೊಳಗೂ ತನ್ನನ್ನು ತಾನೇ ಮುಗಿಸಿಕೊಳ್ಳುವ ವ್ಯವಸ್ಥೆಯಿದೆ. ಕಪ್ಪೆಮರಿಯ ಬಾಲ ಕರಗುವುದು, ಗರ್ಭದಲ್ಲಿ ಶಿಶುವಿನ ಬೆರಳುಗಳ ನಡುವಿನ ಪೊರೆ ಮಾಯವಾಗುವುದು ಇದರಿಂದಲೇ. 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ವಿಜ್ಞಾನಿಗಳು ಇದಕ್ಕೆ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಮರದಿಂದ ಎಲೆ ಉದುರುವುದಕ್ಕೆ ಇರುವ ಪದ ಅದು. ಒಂದು ಸಣ್ಣ ಹುಳುವಿನ ದೇಹದಲ್ಲಿ ಹುಟ್ಟುವ 1090 ಕೋಶಗಳಲ್ಲಿ 131 ಕೋಶಗಳು ಕ್ರಮಪ್ರಕಾರ ಸತ್ತು 959 ಉಳಿಯುತ್ತವೆಂದು ಎಣಿಸಿ, ಈ ಮರಣದ ನಿಯಮಗಳನ್ನು ಬಿಡಿಸಿದವರಿಗೆ 2002ರಲ್ಲಿ ನೊಬೆಲ್ ಬಹುಮಾನ ಬಂತು.

ಕ್ಯಾನ್ಸರ್ ಎಂದರೆ ಉದುರಲು ಒಲ್ಲದ ಎಲೆ. ಸಾಯಬೇಕಾದ ಕೋಶ ಸಾಯದೆ ಹೆಚ್ಚುತ್ತಾ ಹೋಗುತ್ತದೆ. ಮೆಥೊಟ್ರೆಕ್ಸೇಟ್ ಅದರ ಡಿ.ಎನ್.ಎ.ಗೆ ಪೆಟ್ಟು ಕೊಟ್ಟಾಗ ಕೋಶದೊಳಗಿನ ಕಾವಲುಗಾರ ಪ್ರೋಟೀನುಗಳು ಎಚ್ಚರಗೊಂಡು ಮರಣದ ಆಜ್ಞೆ ಕೊಡುತ್ತವೆ. ಕೋಶ ಕುಗ್ಗಿ, ಸಣ್ಣ ಪೊಟ್ಟಣಗಳಾಗಿ ಒಡೆದು, ನೆರೆಯ ಕೋಶಗಳಿಗೆ ಆಹಾರವಾಗುತ್ತದೆ. ಈ ಕ್ರಮಬದ್ಧ ಮರಣಕ್ಕೂ ಶಕ್ತಿ ಬೇಕು, ಅದು ಸಿಗುವುದು ಎ.ಟಿ.ಪಿ.ಯಿಂದ. ಎ.ಟಿ.ಪಿ. ಬರಿದಾದರೆ ಕೋಶ ಅಡ್ಡಾದಿಡ್ಡಿ ಒಡೆದು ಸುತ್ತಲೂ ಉರಿಯೂತ ಹಬ್ಬಿಸುತ್ತದೆ. ಹೀಗೆ ಹಾರ್ವರ್ಡಿನಲ್ಲಿ ಸುಬ್ಬರಾಯರು ಕಂಡುಹಿಡಿದ ವಸ್ತುವೂ ಪರ್ಲ್ ರಿವರಿನಲ್ಲಿ ಅವರು ಮಾಡಿಸಿದ ಮದ್ದೂ ಸಾಯುವ ಕೋಶವೊಂದರೊಳಗೆ ಒಟ್ಟುಗೂಡುತ್ತವೆ.

ಕಾವಲುಗಾರ ಪ್ರೋಟೀನೇ ಕೆಟ್ಟಿರುವ ಕ್ಯಾನ್ಸರುಗಳಲ್ಲಿ ಇಂಥ ಮದ್ದು ಸೋಲುವುದುಂಟು. ಅದಕ್ಕಾಗಿಯೇ ಮರಣದ ವ್ಯವಸ್ಥೆಯನ್ನು ನೇರವಾಗಿ ತಟ್ಟುವ ಔಷಧಗಳು ಈಗ ಬಂದಿವೆ. 2016ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ವೆನೆಟೊಕ್ಲಾಕ್ಸ್ ಅಂಥದು. ಸಾವನ್ನು ತಡೆಹಿಡಿದಿರುವ ಬಿ.ಸಿ.ಎಲ್-2 ಎಂಬ ಪ್ರೋಟೀನಿನ ಕೈಯನ್ನು ಅದು ಕಟ್ಟಿಹಾಕುತ್ತದೆ.

ನಮ್ಮ ಮನೆಗಳಿಗೆ ಸಂಬಂಧಿಸಿದ ಮಾತು

ವೇಗವಾಗಿ ಬೆಳೆಯುವ ಕೋಶ ಕ್ಯಾನ್ಸರಿನದು ಮಾತ್ರವಲ್ಲ. ಬಾಯಿಯ ಒಳಪೊರೆ, ಕೂದಲ ಬುಡ, ರಕ್ತ ಹುಟ್ಟುವ ಮಜ್ಜೆ ಇವೂ ಹಾಗೆಯೇ. ಮದ್ದು ಇವನ್ನೂ ತಟ್ಟುವುದರಿಂದ ಬಾಯಿ ಹುಣ್ಣಾಗುತ್ತದೆ, ಕೂದಲು ಉದುರುತ್ತದೆ. ಮದ್ದು ನಿಲ್ಲಿಸಿದ ಮೇಲೆ ಇವು ಮತ್ತೆ ಚಿಗುರುತ್ತವೆ. ಆ ಸಂಕಟ ನೋಡಲಾರದೆ, ಅಥವಾ ಮಗು ಆಟವಾಡತೊಡಗಿತಲ್ಲ ಎಂದು, ಚಿಕಿತ್ಸೆಯನ್ನು ನಡುವೆಯೇ ಬಿಡುವವರಿದ್ದಾರೆ. 1948ರ ಮಕ್ಕಳಿಗೆ ಏನಾಯಿತೆಂಬುದನ್ನು ಅವರು ನೆನೆಯಬೇಕು. ಆಟಕ್ಕೆ ಎದ್ದ ಮಗುವಿನ ಮಜ್ಜೆಯಲ್ಲಿ ಉಳಿದ ನಾಲ್ಕು ಕೋಶಗಳು ಸಾಕು, ರೋಗ ಮರಳುವುದಕ್ಕೆ. ಚಿಕಿತ್ಸೆ ವರ್ಷಗಟ್ಟಲೆ ನಡೆಯುವುದು ಅದಕ್ಕಾಗಿಯೇ.

ಇನ್ನೊಂದು ಎಚ್ಚರಿಕೆ ಇದಕ್ಕಿಂತಲೂ ಹತ್ತಿರದ್ದು. ಸಂಧಿವಾತಕ್ಕೂ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೂ ಮೆಥೊಟ್ರೆಕ್ಸೇಟನ್ನು ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಅದನ್ನು ಸೇವಿಸಬೇಕಾದುದು ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಮಜ್ಜೆ ಬತ್ತಿ ಪ್ರಾಣವೇ ಹೋಗಬಹುದು; ಹಾಗೆ ಸತ್ತವರು ಅನೇಕ ದೇಶಗಳಲ್ಲಿದ್ದಾರೆ. ಇದರ ಜತೆಗೆ ಬೇರೆ ದಿನ ತೆಗೆದುಕೊಳ್ಳಲು ವೈದ್ಯರು ಫೋಲಿಕ್ ಆಮ್ಲವನ್ನೂ ಬರೆದುಕೊಡುತ್ತಾರೆ. ಹಳದಿ ಮಾತ್ರೆ ಎರಡು, ದಿನ ಬೇರೆ ಬೇರೆ. ಸಮಡೋಳಿಯ ಮುದುಕಿಗೆ ಮರಾಠಿ ಆಡಲು ಬಂದರೂ ಚೀಟಿ ಓದಲು ಬಾರದಿರಬಹುದು. ಪೆರ್ಲ, ಬದಿಯಡ್ಕ, ಮಂಜೇಶ್ವರಗಳ ನಮ್ಮ ಹಿರಿಯರಲ್ಲಿ ಮಲೆಯಾಳ ಬಲ್ಲವರು ಅನೇಕರು, ಆ ಲಿಪಿ ಬಲ್ಲವರು ಕಡಿಮೆ. ಅರ್ಥವಾಯಿತೇ ಎಂದು ವೈದ್ಯರು ಕೇಳಿದಾಗ ಸಂಕೋಚದಿಂದ ತಲೆಯಾಡಿಸಿ ಬರುವವರು ಇವರೇ. ಅಪಾಯ ಹುಟ್ಟುವುದು ಆ ಸಂಕೋಚದಲ್ಲಿ.

ಆದುದರಿಂದ ಯಾವ ಮಾತ್ರೆ ಯಾವ ವಾರ ಎಂಬುದನ್ನು ಬಾಯಿಬಿಟ್ಟು ಕೇಳಬೇಕು. ಔಷಧದಂಗಡಿಯವರಿಂದಲೋ ಮನೆಯ ಶಾಲಾ ಮಕ್ಕಳಿಂದಲೋ ಡಬ್ಬದ ಮೇಲೆ ಕನ್ನಡದಲ್ಲಿ ದಿನದ ಹೆಸರು ಬರೆಯಿಸಬೇಕು. ಎರಡು ಮಾತ್ರೆಗಳನ್ನು ಒಂದೇ ಡಬ್ಬದಲ್ಲಿ ಹಾಕಬಾರದು. ತಪ್ಪಿ ಹೆಚ್ಚು ನುಂಗಿದ್ದು ಗೊತ್ತಾದರೆ, ಬಾಯಿಹುಣ್ಣು, ಜ್ವರ, ಮೈಮೇಲೆ ರಕ್ತದ ಕಲೆ ಕಾಣುವವರೆಗೆ ಕಾಯದೆ ಒಡನೆ ಆಸ್ಪತ್ರೆಗೆ ಹೋಗಬೇಕು. ಅದಕ್ಕೆ ಪ್ರತಿಮದ್ದು ಇದೆ. ಅದೂ ಫೋಲಿಕ್ ಆಮ್ಲದ ಬಳಗದ್ದೇ. ಬೇಗ ಕೊಟ್ಟಷ್ಟೂ ಒಳ್ಳೆಯದು.

ಸುಬ್ಬರಾಯರ ಹೆಸರನ್ನು ಒಂದು ಜಾತಿಯ ಬೂಷ್ಟಿಗೆ ಇಡಲಾಗಿದೆ. ಜನ್ಮಶತಮಾನದ ವರ್ಷ 1995ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರದ ಸ್ಟ್ಯಾಂಪು ಹೊರತಂದಿತು. ನೊಬೆಲ್ ಬಹುಮಾನ ಅವರಿಗೆ ಬರಲಿಲ್ಲ. ಪತ್ನಿ ಶೇಷಗಿರಿಯವರು ಆಂಧ್ರದ ಮನೆಯಲ್ಲಿ ಪತಿಯ ದಾರಿ ಕಾಯುತ್ತಲೇ ವಿಧವೆಯಾದರು. ಅವರ ತ್ಯಾಗಕ್ಕೆ ಸ್ಟ್ಯಾಂಪೂ ಇಲ್ಲ. ಈ ದಂಪತಿಗಳ ಋಣ ನಮ್ಮ ಜಿಲ್ಲೆಯ ಮನೆಗಳ ಮೇಲೂ ಇದೆ. ಮನೆಯಲ್ಲಿ ಆ ಹಳದಿ ಮಾತ್ರೆ ಇರುವವರು ಇಂದು ಸಂಜೆಯೇ ಡಬ್ಬ ತೆರೆದು, ದಿನದ ಹೆಸರು ಸರಿಯಾಗಿ ಬರೆದಿದೆಯೇ ಎಂದು ನೋಡಲಿ.